ಕೊಲುವಿನ ಮೆಟ್ಟಿಲ ಮೇಲಿನ ಹಡಗು

ಭೋಗಿ ಹಬ್ಬದ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆನಾದರೆ ಅದಕ್ಕೆ ಅಪ್ಪ ಕಾರಣ. ವಿಜಯವಾಡದ ಸತ್ಯನಾರಾಯಣಪುರದ ಅಮ್ಮಮ್ಮನ ಮನೆಯಲ್ಲಿ ಹಬ್ಬದೂಟ ಮುಗಿಸಿ ಹಿಂದಿನ ಕೋಣೆಯಲ್ಲಿ ಮಲಗಿದ್ದ ಅಪ್ಪ, ಬೆಂಕಿ ಬೆಂಕಿ ಎಂಬ ಕೂಗಿಗೆ ಎದ್ದು ಮೊದಲು ಕೈಗಡಿಯಾರ ನೋಡಿಕೊಂಡ, ಆಮೇಲೆ ಓಡಿಬಂದ. ಅಮ್ಮ ಇದನ್ನು ಇವತ್ತಿಗೂ ಆಡಿ ತೋರಿಸುತ್ತಾಳೆ. ನನಗೆ ಆಗ ಹತ್ತು ವರ್ಷ. ನಡುಮನೆಯಲ್ಲಿ ಹಬ್ಬಕ್ಕೆ ಕೂರಿಸಿದ್ದ ಗೊಂಬೆಗಳ ಮೆಟ್ಟಿಲಿಗೆ ತಲೆ ಕೊಟ್ಟು ಚಾಪೆಯ ಮೇಲೆ ನಿದ್ದೆಹೋಗಿದ್ದೆ. ಕಣ್ಣು ಬಿಟ್ಟಾಗ ಮೇಲಿನ ಮೆಟ್ಟಿಲಿಗೆ ಹೊದಿಸಿದ್ದ ಹಸಿರು ನೈಲೆಕ್ಸ್ ಸೀರೆ ಅಂಚಿನಿಂದ ಒಳಕ್ಕೆ ಸುರುಟಿಕೊಳ್ಳುತ್ತಿತ್ತು, ಅದರಿಂದ ಉರಿಯುವ ಹನಿಗಳು ಕೆಳಗಿನ ಮೆಟ್ಟಿಲಿಗೆ ತೊಟ್ಟಿಕ್ಕುತ್ತಿದ್ದವು. ಏಳಬೇಕೆಂದು ನನಗೆ ತೋಚಲಿಲ್ಲ. ಯಾರೋ ನನ್ನ ಜಡೆ ಹಿಡಿದು ಎಳೆದರು. ಕೈಯಲ್ಲ, ಭುಜವಲ್ಲ, ಜಡೆ. ಹೊಸಿಲಿನಾಚೆ ಬಿದ್ದು ತಲೆಯೆತ್ತಿದರೆ ಶೇಷು ಮಾಮ, ಅಮ್ಮನ ತಮ್ಮ. ಕರಗಿದ ಸೀರೆ ಅವನ ಮುಂಗೈಗೆ ಅಂಟಿಕೊಂಡಿತ್ತು.

"ಕಣ್ಣು ಮುಚ್ಕೋ ಅಮ್ಮಾಯಿ. ನೋಡಬೇಡ."

ನಾನು ಮುಚ್ಚಲಿಲ್ಲ. ಅದಕ್ಕೇ ಇನ್ನೂ ನೋಡುತ್ತಿದ್ದೇನೆ. ಋಷಿಕೊಂಡದ ಗುಡ್ಡದ ಮೇಲಿರುವ ನಮ್ಮ ಆಫೀಸಿನಲ್ಲಿ ಯಾರಾದರೂ ಊಟದ ಡಬ್ಬಿಯನ್ನು ತುಸು ಹೆಚ್ಚು ಬಿಸಿ ಮಾಡಿದರೆ ಸಾಕು, ನನ್ನ ಕುರ್ಚಿ ಹಿಂದಕ್ಕೆ ಸರಿದಿರುತ್ತದೆ. ಆದರೆ ಬರೆಯಲು ಕೂತದ್ದು ಬೆಂಕಿಯ ಬಗ್ಗೆ ಅಲ್ಲ. ಬೆಂಕಿ ಕಾಲು ಗಂಟೆಯಲ್ಲಿ ಆರಿಹೋಯಿತು. ಅದು ಹಚ್ಚಿಹೋದ ಸಂಶಯ ನಮ್ಮ ಮನೆಯಲ್ಲಿ ಉಂಡು, ಮಲಗಿ, ಎದ್ದು, ಬೇಸಿಗೆಯವರೆಗೂ ನಮ್ಮೊಡನೆಯೇ ಸಂಸಾರ ಮಾಡಿತು.

ನಮ್ಮದು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆ. ಅಪ್ಪ ಧಾರವಾಡದವನು, ಬ್ಯಾಂಕಿನ ವರ್ಗಾವಣೆ ಅವನನ್ನು ಈ ಕಡಲಿಗೆ ತಂದು ಬಿಟ್ಟಿತ್ತು. ಅಮ್ಮನ ಕಡೆಯವರು ಮೂಲದಲ್ಲಿ ಕೋಲಾರದವರು. ವಿಜಯವಾಡಕ್ಕೆ ಬಂದು ನೆಲೆಸಿ ತೆಲುಗರ ಮನೆಗಳಿಂದ ಹೆಣ್ಣು ತಂದು, ಹೆಣ್ಣು ಕೊಟ್ಟು, ಅತ್ತ ಅವರೂ ಅಲ್ಲದ ಇತ್ತ ಇವರೂ ಅಲ್ಲದ ಒಂದು ಮಾತು ಮಾಡಿಕೊಂಡಿದ್ದರು. ಇದ್ದ ಎರಡು ಕೋಣೆಗಳಲ್ಲಿ ಒಂದು ಅಪ್ಪ ಕಟ್ಟುತ್ತಿದ್ದ ಮಾದರಿ ಹಡಗಿಗೆ. ಉಳಿದ ಒಂದರಲ್ಲಿ ನಾವು ಮೂವರೂ. ನೆಂಟರು ಬಂದಾಗ ಹಡಗನ್ನು ಎತ್ತಿಟ್ಟು ಹಾಸಿಗೆ ಹಾಸೋಣವೆಂದು ಅಮ್ಮ ಪ್ರತಿ ಸಲ ಹೇಳುತ್ತಿದ್ದಳು, ಅಪ್ಪ ಪ್ರತಿ ಸಲ ನೆಂಟರನ್ನೇ ನಡುಮನೆಗೆ ಸರಿಸುತ್ತಿದ್ದ. ಬಂದರಿನಲ್ಲಿ ನಿಂತ ನಿಜವಾದ ಹಡಗುಗಳ ಬಗ್ಗೆ ಅವನಿಗೆ ಕುತೂಹಲವೇ ಇರಲಿಲ್ಲ. ಭಾನುವಾರ ಬೀಚಿಗೆ ಹೋದರೆ ಎಲ್ಲರೂ ದೂರದ ಹಡಗುಗಳನ್ನು ಮಕ್ಕಳಿಗೆ ತೋರಿಸುವಾಗ ಅಪ್ಪ ಶೇಂಗಾ ಬಿಡಿಸುತ್ತ "ತಗಡಿನ ಡಬ್ಬಿ" ಎನ್ನುತ್ತಿದ್ದ. ಅವನ ಹಡಗು ಗೋದಾವರಿ ಸಮುದ್ರ ಸೇರುವ ಕೋರಂಗಿಯಲ್ಲಿ ಹಿಂದಿನ ಕಾಲಕ್ಕೆ ಕಟ್ಟುತ್ತಿದ್ದಂಥ, ಎರಡು ಹಾಯಿಕಂಬದ ಮರದ ಹಡಗು. ಅದರ ಅರವತ್ನಾಲ್ಕು ಅಂಗುಲ ನಮ್ಮ ಮನೆಯಲ್ಲಿ ಒಂದು ಅಂಗುಲ.

"ಪದ್ಮಾ, ನೀ ಇದರ ಮ್ಯಾಲೆ ನಿಂತ್ರ ಬರೋಬ್ಬರಿ ಒಂದಂಗುಲ ಆಗ್ತಿ," ಎಂದಿದ್ದ ಅಮ್ಮನಿಗೆ.

"ಈ ಮನೇಲಿ ಈಗಲೇ ಅಷ್ಟೇ ಜಾಗ ನನಗಿರೋದು," ಎಂದಿದ್ದಳು ಅಮ್ಮ.

ದ್ವಾರಕಾ ನಗರದ ಇಂಟರ್ನೆಟ್ ಅಂಗಡಿಯಲ್ಲಿ ಹಳೆಯ ನಕ್ಷೆಗಳನ್ನು ಪ್ರಿಂಟ್ ಮಾಡಿಸಿ ತಂದು, ಅಪ್ಪ ಅವುಗಳ ಮುಂದೆ ಭೂತಗನ್ನಡಿ ಹಿಡಿದು ಕೂರುತ್ತಿದ್ದ. ಹಗ್ಗದ ಹುರಿ ಬಲಕ್ಕೋ ಎಡಕ್ಕೋ? ಹಾಯಿಯ ಬಟ್ಟೆ ಬಿಳಿಯೋ ಮಾಸಲೋ? ಎರಡು ಚಿತ್ರಗಳು ಜಗಳವಾಡಿದರೆ ಮೂರನೆಯದು ಸಿಗುವ ತನಕ ಕೆಲಸ ನಿಂತಂತೆ. ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆದಿದ್ದರೋ ಇಲ್ಲವೋ ಎಂಬುದು ತೀರ್ಮಾನವಾಗದೆ ತಳ ಹಾಗೆಯೇ ಬೆತ್ತಲೆ ಉಳಿದಿತ್ತು. "ಆಧಾರ ಏನದ?" ಇದು ಅವನ ಮಾತು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ನಾನು ಹೇಳಿದರೂ ಆಧಾರ ಏನದ. ಮರ ತರುತ್ತಿದ್ದವನು ಶೇಷು ಮಾಮ. ಅವನು ವಿಜಯವಾಡದ ಆಟೋನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಬಣ್ಣದ ಕೆಲಸ ಮಾಡುತ್ತಿದ್ದ. ಅಲ್ಲಿ ಉಳಿದ ತೇಗದ ಚೂರುಗಳನ್ನು ತೆಳುವಾಗಿ ಸೀಳಿಸಿ, ಕಟ್ಟು ಕಟ್ಟಿ, ಬಂದಾಗಲೆಲ್ಲ ತರುತ್ತಿದ್ದ. ನಮ್ಮ ಹಡಗು ಒಂದು ಲೆಕ್ಕಕ್ಕೆ ಲಾರಿಗಳ ತಂಗಿ. ಅಂಗಡಿಯ ವಾರ್ನಿಷ್ ಬಳಿಯಲು ಅಪ್ಪ ಒಪ್ಪುತ್ತಿರಲಿಲ್ಲ. ಆ ಕಾಲದವರು ಮರಕ್ಕೆ ಎಣ್ಣೆ ತಿಕ್ಕುತ್ತಿದ್ದರು, ನಾವೂ ತಿಕ್ಕಬೇಕು. ಬಣ್ಣದ ಅಂಗಡಿಯಿಂದ ಕುದಿಸಿದ ಅಗಸೆ ಎಣ್ಣೆ ತಂದು, ಹಳೆಯ ಪಂಚೆಯ ಚೂರಿನಲ್ಲಿ ಅದ್ದಿ ಹಲಗೆಗೆ ತಿಕ್ಕುತ್ತಿದ್ದ. ಧಾರವಾಡದವರಿಗೆ ಅಗಸಿ ಎಂದರೆ ಮೊದಲು ನೆನಪಾಗುವುದು ಊಟ. ರೊಟ್ಟಿಯ ಮಗ್ಗುಲಿಗೆ ಅಗಸಿ ಹಿಂಡಿ ಇಲ್ಲದಿದ್ದರೆ ಅಪ್ಪನಿಗೆ ಎಲೆಯೇ ಖಾಲಿ ಕಾಣುತ್ತಿತ್ತು.

"ನಾವು ಉಂಡು ಬೆಳದದ್ದು ಇದನ್ನ. ಹೊಟ್ಟಿಗೂ ಬರ್ತದ, ಹಡಗಿಗೂ ಬರ್ತದ."

ಅಮ್ಮನಿಗೆ ಆ ವಾಸನೆ ಆಗುತ್ತಿರಲಿಲ್ಲ. ಎಣ್ಣೆಬಟ್ಟೆ ಒಂದೂ ಮನೆಯೊಳಗಿರಕೂಡದು ಎಂದು ಅವಳ ಕಟ್ಟಪ್ಪಣೆ. ಅಪ್ಪ ಅವನ್ನು ಮೇಲಿನ ತಾರಸಿಯ ತಂತಿಗೆ ಒಂದೊಂದಾಗಿ ಕ್ಲಿಪ್ಪು ಹಾಕಿ ನೇತುಹಾಕಿ ಬರುತ್ತಿದ್ದ; ಕಡಲ ಗಾಳಿಗೆ ಅವು ಒಣಗಿ ಹಪ್ಪಳವಾಗುತ್ತಿದ್ದವು. ಆ ಅಪ್ಪಣೆ ನಮ್ಮನ್ನು ಎಷ್ಟು ಕಾಲ ಕಾಯ್ದಿತ್ತೆಂದು ಯಾರಿಗೂ ಗೊತ್ತಿರಲಿಲ್ಲ, ಹೊರಡಿಸಿದವಳಿಗೂ.

ನಮ್ಮ ಕಡೆ ದಸರೆಗೆ ಗೊಂಬೆ ಕೂರಿಸುವಂತೆ ಅಮ್ಮಮ್ಮ ಸಂಕ್ರಾಂತಿಗೆ ಕೂರಿಸುತ್ತಿದ್ದಳು. ಅಲ್ಲಿ ಅದಕ್ಕೆ ಬೊಮ್ಮಲ ಕೊಲುವು ಎನ್ನುತ್ತಾರೆ. ಟ್ರಂಕುಗಳನ್ನೂ ಹಲಗೆಗಳನ್ನೂ ಮೆಟ್ಟಿಲಾಗಿ ಜೋಡಿಸಿ, ಸೀರೆ ಹೊದಿಸಿ, ಮೇಲೆ ದೇವರು, ಕೆಳಗೆ ಕೊಂಡಪಲ್ಲಿಯ ಮರದ ಗೊಂಬೆಗಳು, ಮಣ್ಣಿನ ಸೆಟ್ಟಿ, ಸೆಟ್ಟಿಯ ಹೆಂಡತಿ. ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಸೇರಬೇಕು. ಆ ವರ್ಷದ ಹೊಸ ಗೊಂಬೆ ಅಳಿಯನ ಹಡಗೇ ಆಗಬೇಕೆಂದು ಅಮ್ಮಮ್ಮ ಹಟ ಹಿಡಿದಳು. ಅಪ್ಪ ಹಿಗ್ಗಿದ್ದನ್ನು ತೋರಿಸಿಕೊಳ್ಳದೆ ಹಿಗ್ಗಿದ. ವಿಶಾಖಪಟ್ಟಣದಿಂದ ವಿಜಯವಾಡದವರೆಗೂ ರೈಲಿನಲ್ಲಿ ಹಡಗಿನ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಇಡ್ಲಿ ತಿನ್ನಿಸಿದವಳು ಅಮ್ಮ.

ಭೋಗಿಯ ದಿನ ಬೆಳಗ್ಗೆ ಎದ್ದು ನೋಡಿದರೆ ಹಡಗಿನ ಮೂತಿಯ ಎರಡೂ ಬದಿಗೆ ಒಂದೊಂದು ಕಣ್ಣು. ಬಿಳಿಯ ಗುಡ್ಡೆ, ಕಪ್ಪು ಪಾಪೆ, ಸುತ್ತ ಕೆಂಪು ಗೀಟು. ಲಾರಿಗಳ ಮುಖಕ್ಕೆ ಬರೆಯುತ್ತಾರಲ್ಲ, ಅಂಥವು. ಶೇಷು ಮಾಮ ಕುಂಚ ಹಿಡಿದು, ತನ್ನ ಕೆಲಸಕ್ಕೆ ತಾನೇ ಮೆಚ್ಚಿ ತಲೆ ವಾಲಿಸಿ ನಿಂತಿದ್ದ. ನನಗೂ ಬಹಳ ಹಿಡಿಸಿತು. ಅಪ್ಪ ಬಂದ.

"ಏನಿದು?"

"ದೃಷ್ಟಿಗೆ, ಬಾವ. ಕಣ್ಣಿಲ್ಲದ ಗಾಡಿ ರೋಡಿಗಿಳಿಸ್ತಾರಾ? ದೋಣಿಗಳಿಗೆ ಬರೀತಾರಲ್ಲ, ನಾನೇ ನೋಡಿದ್ದೀನಿ."

"ದೋಣಿಗಿ ಬರೀತಾರ. ಇದಕ್ಕ ಬರದಿದ್ರು ಅನ್ನಲಿಕ್ಕೆ ಆಧಾರ ಏನದ? ಯಾವ ಚಿತ್ರದಾಗ ನೋಡೀಯೊ?"

"ಬಾವ, ಕೊಲುವಿಗೆ ಇಡೋ ಬೊಮ್ಮ ಅದು. ಪರೀಕ್ಷೆಗೆ ಕೂರುತ್ತಾ?"

"ಲಾರಿ ಬಳಿಯೋ ಕೈ ಲಾರಿ ಬಳೀಲಿ. ಗೊತ್ತಿಲ್ಲದ್ದಕ್ಕ ಕೈ ಹಚ್ಚಬಾರದು."

ಹಾಲು ತಂದ ಎದುರು ಮನೆಯವರು ಬಾಗಿಲಲ್ಲಿ ನಿಂತಿದ್ದರು. ಮಾಮ ನಕ್ಕ. ಆ ನಗು ಅರ್ಧಕ್ಕೆ ನಿಂತಿದ್ದನ್ನು ನಾನು ನೋಡಿದೆ, ಅಪ್ಪನೂ ನೋಡಿದ. ಆಮೇಲೆ ಆ ಅರ್ಧ ನಗುವಿಗೆ ಅವನು ಏನೇನೋ ಅರ್ಥ ಹಚ್ಚಿದ. ಅಪ್ಪ ಟರ್ಪಂಟೈನಿನಲ್ಲಿ ಕಣ್ಣುಗಳನ್ನು ಒರೆಸಿದ. ಒರೆಸಿದ ಜಾಗ ಬಿಳಿಚಿಕೊಂಡಿತೆಂದು ಇಡೀ ಹಡಗಿಗೆ ಮತ್ತೆ ಅಗಸೆ ಎಣ್ಣೆ ತಿಕ್ಕಿದ, ಹಳೆಯ ಪಂಚೆಯೊಂದನ್ನು ಹರಿದು ಹರಿದು. ಬಟ್ಟೆಗಳನ್ನು ತಂತಿಗೆ ಹಾಕಲು ಹೋದರೆ ಅದು ಅಮ್ಮಮ್ಮನ ಮಡಿಬಟ್ಟೆಯ ತಂತಿ. ಅವಳು ಅಡುಗೆಮನೆಯಿಂದಲೇ ಕೂಗಿದಳು. ಸಂಜೆ ಪೇರಂಟಕ್ಕೆ, ಎಂದರೆ ಅರಿಸಿನ ಕುಂಕುಮಕ್ಕೆ, ಬೀದಿಯ ಹೆಂಗಸರೆಲ್ಲ ಬರುವವರಿದ್ದರು. ಆ ಗಲೀಜು ಎಲ್ಲೂ ಕಾಣಬಾರದು. ಬಿಸಾಡಬೇಡಿ, ಇನ್ನೊಂದು ಸಲ ತಿಕ್ಕಬೇಕು ಎಂದು ಅಪ್ಪ ಹೇಳಿದ. ಬಟ್ಟೆಗಳು ಮುದ್ದೆಯಾಗಿ ಒಂದು ಕೈಚೀಲ ಸೇರಿದವು, ಚೀಲ ಕೊಲುವಿನ ಹಿಂದೆ, ಟ್ರಂಕುಗಳ ಸಂದಿಗೆ ಹೋಯಿತು.

ಊಟವಾದ ಮೇಲೆ ನಾನು ಗೊಂಬೆಗಳ ಕೆಳಗೆ ಮಲಗಿದೆ. ನಿದ್ದೆ ಹತ್ತುವ ಮೊದಲು, ಹೊದಿಸಿದ್ದ ಸೀರೆಯ ಕೆಳಅಂಚಿನಲ್ಲಿ ಎರಡು ಪಾದಗಳು ಕಂಡವು, ಬಣ್ಣ ಮೆತ್ತಿದ ಉಗುರುಗಳು. ಅವು ಸ್ವಲ್ಪ ಹೊತ್ತು ನಿಂತು ಹೊರಟುಹೋದವು. ಆಮೇಲೆ ನನಗೆ ತಿಳಿದದ್ದು ಉರಿಯುವ ಹನಿಗಳೇ.

ಮರದ ಗೊಂಬೆಗಳೆಲ್ಲ ಬೂದಿಯಾದವು, ಮಣ್ಣಿನವು ಉಳಿದವು. ಸೆಟ್ಟಿ ಮತ್ತು ಅವನ ಹೆಂಡತಿ ಕಪ್ಪಗಾಗಿ, ಹೊಟ್ಟೆ ಬಿಟ್ಟುಕೊಂಡು, ಏನೂ ಆಗದವರಂತೆ ಕೂತೇ ಇದ್ದರು. ಹಡಗಿನಲ್ಲಿ ಉಳಿದದ್ದು ತಳದ ಒಂದು ತೊಲೆ. ಅದನ್ನು ಕೈಯಲ್ಲಿ ಹಿಡಿದು ಅಪ್ಪ ವಿಚಾರಣೆ ಶುರುಮಾಡಿದ, ಹಡಗಿನ ನಕ್ಷೆಗಳ ಮುಂದೆ ಕೂರುತ್ತಿದ್ದ ಅದೇ ಮುಖದಲ್ಲಿ. ಕೊಲುವಿಗೆ ಸುತ್ತಿದ್ದ ಸೀರಿಯಲ್ ಸೆಟ್ಟಿನ ಬಲ್ಬುಗಳೇ? ಊಟದ ಹೊತ್ತಿಗೇ ಕರೆಂಟು ಹೋಗಿತ್ತು, ಬೆಂಕಿ ಆರಿದ ಮೇಲೂ ಬಂದಿರಲಿಲ್ಲ. ದೀಪವೇ? ಸಂಜೆಗೆ ಮುಂಚೆ ಹಚ್ಚುವುದಿಲ್ಲ. ಬೀದಿಯಲ್ಲಿ ಹಾಕಿದ್ದ ಭೋಗಿ ಬೆಂಕಿಯ ಕೆಂಡವೇ? ಅದಕ್ಕೆ ಬೆಳಗ್ಗೆಯೇ ನೀರು ಹೊಯ್ದಾಗಿತ್ತು. ಹಾಗಾದರೆ ಕೈ. ಮನುಷ್ಯನ ಕೈ. ಬೂದಿಯಲ್ಲಿ ಸಿಗರೇಟು ಪೊಟ್ಟಣದ ಸುಟ್ಟ ಮೂಲೆ ಸಿಕ್ಕಿತು. ಅಪ್ಪ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ವಾಣೀ, ಮಲಗೋ ಮೊದಲ ಅಲ್ಲಿ ಯಾರನ್ನ ನೋಡ್ದಿ?"

ಪಾದಗಳನ್ನು ನೋಡಿದ್ದೆ, ಹೇಳಿದೆ. ಎಲ್ಲರೂ ಮಾಮನ ಪಾದಗಳನ್ನು ನೋಡಿದರು. ಅವನ ಮುಂಗೈಗೆ ಆಗಷ್ಟೇ ಪಟ್ಟಿ ಕಟ್ಟಿಸಿಕೊಂಡು ಬಂದಿದ್ದರು.

"ಅಮ್ಮಾಯಿ ಹೇಳಿದ್ದು ನಿಜ," ಎಂದ ಮಾಮ. "ಅಮ್ಮನ ಕಣ್ಣಿಗೆ ಬೀಳಬಾರದು ಅಂತ ಪೊಟ್ಟಣ ಅಲ್ಲಿ ಬಚ್ಚಿಟ್ಟಿದ್ದೆ. ಒಂದು ತಗೊಂಡು ಮೇಲೆ ಹೋಗಿ ಹಚ್ಚಿದೆ. ಅಲ್ಲಿ ಹಚ್ಚಲಿಲ್ಲ."

"ಮ್ಯಾಲಿದ್ದಾವಗ ಎಲ್ಲಾರಕಿಂತ ಮೊದಲ ಹ್ಯಾಂಗ ಗೊತ್ತಾತು?"

"ಹೊಗೆ ಮೇಲಕ್ಕೆ ಬರುತ್ತಲ್ಲ ಬಾವ. ಕೆಳಕ್ಕೆ ಬರುತ್ತಾ?"

ಈ ಮಾತಿಗೆ ಯಾರೂ ನಗಲಿಲ್ಲ. ಅಮ್ಮಮ್ಮ ಸುಟ್ಟ ಸೆಟ್ಟಿಯನ್ನು ಸೆರಗಿನಲ್ಲಿ ಒರೆಸುತ್ತ, ಮಗನ ಕಡೆ ನೋಡದೆ, "ಸಿಗರೇಟಾ?" ಎಂದಳು, ಅಷ್ಟೇ. ನನ್ನನ್ನು ಎಳೆದು ತಂದವನೇ ನನ್ನನ್ನು ಅದರೊಳಗೆ ಬಿಟ್ಟವನೂ ಆಗಿರಬಹುದೆಂಬ ಯೋಚನೆ ನನಗೆ ಬಂದದ್ದು ಆಗ. ಹತ್ತು ವರ್ಷದ ತಲೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆದರೂ ಅದು ಒಳಗೆ ಬಂದು, ಇದ್ದದ್ದನ್ನೆಲ್ಲ ಹೊರಕ್ಕೆ ತಳ್ಳಿ ಕೂತಿತು. ಮರುದಿನ ಸಂಕ್ರಾಂತಿಯ ಊಟಕ್ಕೂ ನಿಲ್ಲದೆ ನಾವು ಹೊರಟೆವು. ಮಾಮ ಸ್ಟೇಷನ್ನಿಗೆ ಬರಲಿಲ್ಲ. ಬಂದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ, ಅಮ್ಮನ ಬೆನ್ನ ಹಿಂದೆ ಅಡಗುತ್ತಿದ್ದೆನೇನೋ.

ವಿಶಾಖಪಟ್ಟಣಕ್ಕೆ ಮರಳಿದ ಮೇಲೆ ನಾನು ಮೂಸಲು ತೊಡಗಿದೆ. ತಟ್ಟೆ ಮೂಸುವುದು, ದಿಂಬು ಮೂಸುವುದು, ಕೆಳಮನೆಯವರ ಊದುಬತ್ತಿಗೆ ಬೆಚ್ಚಿ ಎದ್ದು ಕೂರುವುದು. ನಿದ್ದೆ ಹರಕು ಹರಕಾಯಿತು, ಕ್ಲಾಸಿನಲ್ಲಿ ತೂಕಡಿಸಿ ಬೈಸಿಕೊಳ್ಳುತ್ತಿದ್ದೆ. ಗ್ಯಾಸ್ ತರುವವನು ಯಾಕೆ ಇಷ್ಟು ಹೊತ್ತು ಬಾಗಿಲಲ್ಲಿ ನಿಂತ? ಪಕ್ಕದ ಮನೆಯ ಅಂಕಲ್ ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಏಕೆ? ನನ್ನನ್ನು ಬೈಯುವ ಮುಖ ಅಪ್ಪನಿಗೂ ಇರಲಿಲ್ಲ, ಏಕೆಂದರೆ ಅವನೂ ಅದನ್ನೇ ಮಾಡುತ್ತಿದ್ದ. ಹೊಸ ಹಡಗು ಶುರುವಾಯಿತು. ಈ ಸಲ ಮರ ಇಲ್ಲಿಯದೇ ಅಂಗಡಿಯದು. ಹಡಗಿನ ಕೋಣೆಗೆ ದೊಡ್ಡ ಬೀಗ ಬಂತು. ಬೀಗದ ಕೈಯನ್ನು ಅಪ್ಪ ಜನಿವಾರಕ್ಕೆ ಕಟ್ಟಿಕೊಂಡ. ಎಣ್ಣೆಬಟ್ಟೆ ಇನ್ನು ತಾರಸಿಗೆ ಹೋಗುವುದಿಲ್ಲ ಎಂದಾಯಿತು.

"ಹೊರಗ ಬಿಟ್ರ ಯಾವನರ ಕಡ್ಡಿ ಗೀರಿ ಒಗದಾನು. ಒಳಗ ಇರ್ಲಿ, ಕೀಲಿ ಹಾಕಿದ್ದು ಛಲೋ."

ಅಮ್ಮ ವಾಸನೆಯ ಬಗ್ಗೆ ಜಗಳವಾಡಲಿಲ್ಲ. ಅವಳು ಆಗ ಯಾವುದಕ್ಕೂ ಜಗಳವಾಡುತ್ತಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸುತ್ತಿತ್ತು. ಮೊದಲು ಊಟದ ಹೊತ್ತಿಗೆ ವಿಜಯವಾಡದಿಂದ ಫೋನು ಬಂದರೆ ಅವಳ ಸ್ವರ ತೆಲುಗಿಗೆ ತಿರುಗಿ ಎರಡು ಮೆಟ್ಟಿಲು ಮೇಲೇರುತ್ತಿತ್ತು, ನಮ್ಮ ಸಾರು ತಣ್ಣಗಾಗುತ್ತಿತ್ತು. ಈಗ ಫೋನು ಬಂದರೆ "ಹೂಂ, ಹೂಂ" ಎಂದು ಇಟ್ಟುಬಿಡುತ್ತಿದ್ದಳು. ಮಾಮನಿಗೆ ಗುಂಟೂರಿನಲ್ಲಿ ನಿಶ್ಚಯವಾಗಿದ್ದ ಹೆಣ್ಣಿನ ಕಡೆಯವರು ಸುದ್ದಿ ಕೇಳಿ ಹಿಂದೆ ಸರಿಯುತ್ತಿದ್ದಾರಂತೆ. ಅಮ್ಮ ಅದನ್ನು ಅಪ್ಪನಿಗೆ ಊಟ ಬಡಿಸುತ್ತ ಹೇಳಿದಳು. ಬೆಂಕಿ ಹಚ್ಚುವವನಿಗೆ ಯಾರು ಮಗಳನ್ನು ಕೊಡುತ್ತಾರೆ ಎಂದರಂತೆ. ಅಪ್ಪ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು ಉಂಡ.

ಬೇಸಿಗೆ ರಜೆ. ವಿಶಾಖಪಟ್ಟಣದ ಬೇಸಿಗೆಯಲ್ಲಿ ಗೋಡೆಗಳೂ ಬೆವರುತ್ತವೆ. ಅಪ್ಪ ಬೆಳಗ್ಗೆ ಹೊಸ ಹಡಗಿಗೆ ಮೊದಲ ಎಣ್ಣೆ ತಿಕ್ಕಿ, ಕೋಣೆಗೆ ಬೀಗ ಹಾಕಿ ಬ್ಯಾಂಕಿಗೆ ಹೋಗಿದ್ದ. ಊಟದ ಹೊತ್ತಿಗೆ ನನ್ನ ಮೂಗಿಗೆ ಅದು ಬಂತು: ಬಾಣಲೆಯಲ್ಲಿ ಅಗಸೆ ಹುರಿಯುತ್ತ ಯಾರೋ ಮರೆತುಹೋದಂಥ ವಾಸನೆ.

"ಅಮ್ಮ, ಸುಡ್ತಾ ಇದೆ."

"ನಿನಗೆ ದಿನಾ ಸುಡತ್ತೆ ತಲ್ಲೀ. ಅನ್ನ ತಿನ್ನು."

"ಅಲ್ಲಮ್ಮ, ಆವತ್ತಿನದು."

ಅಮ್ಮ ನನ್ನನ್ನು ನೋಡಿದಳು. ನಂಬಿದಳೆಂದಲ್ಲ. ಎದ್ದುಹೋಗಿ ಬೀಗದ ಬಾಗಿಲಿಗೆ ಮೂಗು ಹಚ್ಚಿದಳು, ಹಾಗೆಯೇ ನಿಂತಳು. ಬ್ಯಾಂಕಿಗೆ ಫೋನು ಮಾಡಲಿಲ್ಲ, ಪಕ್ಕದವರನ್ನು ಕರೆಯಲಿಲ್ಲ. ಅಡುಗೆಮನೆಯಿಂದ ರುಬ್ಬುಗುಂಡನ್ನು ಎರಡೂ ಕೈಯಲ್ಲಿ ಎತ್ತಿ ತಂದು ಬೀಗದ ಮೇಲೆ ಹಾಕಿದಳು. ಬೀಗ ಬರಲಿಲ್ಲ, ಅದರ ಚಿಲಕ ಕಿತ್ತು ಬಂತು. ಒಳಗೆ ಯಾರೂ ಇಲ್ಲ. ಕಿಟಕಿ ಮುಚ್ಚಿತ್ತು, ಅಗುಳಿ ಹಾಕಿತ್ತು. ಮೇಜಿನ ಮೇಲೆ ಹಡಗು. ಮೇಜಿನ ಕೆಳಗೆ ಎಣ್ಣೆಬಟ್ಟೆ ತುರುಕಿದ್ದ ಚೀಲ, ಅದರ ಬಾಯಿಂದ ತೆಳ್ಳಗೆ, ಬಹಳ ಸಮಾಧಾನದಿಂದ ಏಳುತ್ತಿದ್ದ ಹೊಗೆ. ನಾನು ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಮುಟ್ಟಿದೆ. ಜ್ವರ ಬಂದ ಮಗುವಿನ ಮೈಯಂತೆ ಸುಡುತ್ತಿತ್ತು. ಅಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿ, ಇಕ್ಕಳದಲ್ಲಿ ಚೀಲ ಹಿಡಿದು ಬಚ್ಚಲಿನ ಬಕೆಟ್ಟಿಗೆ ಮುಳುಗಿಸಿದಳು. ನೀರು ಬುಸ್ಸೆಂದಿತು. ಅವಳು ಬಚ್ಚಲ ಹೊಸಿಲ ಮೇಲೆ ಕೂತು, ಒದ್ದೆ ಕೈಯಲ್ಲಿ ಮುಖ ಮುಚ್ಚಿಕೊಂಡು ಕೇಳಿದಳು:

"ವಾಣೀ, ಇಲ್ಲಿಗೆ ಯಾರು ಬಂದಿದ್ರೇ? ಶೇಷು ಬಂದಿದ್ನಾ?"

ಅಪ್ಪ ಸಂಜೆ ಬಂದು ಕಿತ್ತ ಚಿಲಕ ನೋಡಿ ಬಾಯಿ ತೆರೆಯುವ ಮೊದಲೇ ಅಮ್ಮ ಬಕೆಟ್ಟನ್ನು ಅವನ ಕಾಲಬುಡಕ್ಕೆ ಇಟ್ಟಳು. ನಡೆದದ್ದನ್ನು ಹೇಳಿದಳು. ಅವನು ಒಂದು ಬಟ್ಟೆಯನ್ನು ಎತ್ತಿ ಬಿಡಿಸಿದ. ಮಡಿಕೆಯ ನಡುವೆ ಅದು ಕಪ್ಪಾಗಿ, ಮುಟ್ಟಿದರೆ ಉದುರುತ್ತಿತ್ತು.

"ಕಿಡಕಿ ಹಾಕಿತ್ತೇನು?"

"ಹಾಕಿತ್ತು. ಬೀಗದ ಕೈ ನಿಮ್ಮ ಜನಿವಾರದಲ್ಲಿತ್ತು." ಅಮ್ಮನ ಸ್ವರ ತಗ್ಗಿತ್ತು. "ಹಡಗಿನ ಒಂದೊಂದು ಮೊಳೆಗೆ ಮೂರು ಮೂರು ಆಧಾರ ಕೇಳಿದ್ರಿ. ನನ್ನ ತಮ್ಮನಿಗೆ ಒಂದೂ ಬೇಕಾಗಲಿಲ್ಲವಲ್ರೀ ನಿಮಗೆ?"

ಅಪ್ಪ ಆ ದಿನ ಉಣ್ಣಲಿಲ್ಲ. ಮರುದಿನ ಬಣ್ಣದ ಅಂಗಡಿಗೆ ಹೋದ, ಇಂಟರ್ನೆಟ್ ಅಂಗಡಿಗೆ ಹೋದ. ಅಗಸೆ ಎಣ್ಣೆ ಗಾಳಿ ಹೀರುತ್ತ ಒಣಗುವಾಗ ಬಿಸಿಯಾಗುತ್ತದೆಂದೂ, ಹರಡಿ ಹಾಕಿದರೆ ಆ ಬಿಸಿ ಹಾರಿಹೋಗುತ್ತದೆ, ಮುದ್ದೆ ಮಾಡಿ ತುರುಕಿದರೆ ಒಳಗೇ ಬೆಳೆದು ಹೊತ್ತಿಕೊಳ್ಳುತ್ತದೆಂದೂ ಓದಿ ಬಂದ. ಅವನಿಗೆ ಓದಿದ್ದು ಸಾಲದು. ವಿಜಯವಾಡಕ್ಕೆ ತಾನೇ ಫೋನು ಮಾಡಿ, ಬಹಳ ಹೊತ್ತು ಗಂಟಲು ಸರಿಮಾಡಿಕೊಂಡು, "ಶೇಷಾ, ಒಂದು ಆಧಾರ ಸಿಕ್ಕದ. ಬಂದು ನೋಡು," ಎಂದ.

ಮಾಮ ಭಾನುವಾರ ಬಂದ. ತೇಗದ ಕಟ್ಟಿಲ್ಲದೆ, ಬರಿಗೈಯಲ್ಲಿ ಬಂದದ್ದು ಅದೇ ಮೊದಲು. ತಾರಸಿಯ ಮೇಲೆ ಅಪ್ಪ ಮಣ್ಣಿನ ಮಡಕೆಯಲ್ಲಿ ಎಣ್ಣೆಬಟ್ಟೆಗಳನ್ನು ಭೋಗಿಯ ದಿನ ಇದ್ದ ಹಾಗೆಯೇ ಮುದ್ದೆಮಾಡಿ ಇಟ್ಟ. ಅದೇ ಅಂಗಡಿಯ ಎಣ್ಣೆ, ಅಷ್ಟೇ ಪಂಚೆ, ಅಂಥದೇ ಚೀಲ. ಪಕ್ಕದಲ್ಲಿ ಎರಡು ಬಕೆಟ್ ನೀರು. ನೀರಿನ ಟ್ಯಾಂಕಿನ ನೆರಳಲ್ಲಿ ನಾಲ್ಕು ಕುರ್ಚಿ ಹಾಕಿಕೊಂಡು ನಾವು ಒಂದು ಮಡಕೆಯನ್ನು ನೋಡುತ್ತ ಕೂತೆವು. ಏನೂ ಆಗಲಿಲ್ಲ. ಅಮ್ಮ ಪೆಸರಟ್ಟು ತಂದಳು. ಏನೂ ಆಗಲಿಲ್ಲ. ಮಾಮ ನನ್ನನ್ನು ಮಾತಾಡಿಸಲಿಲ್ಲ, ನಾನೂ ಅವನ ಮುಂಗೈಯ ಮಿರುಗುವ ಕಲೆಯನ್ನು ನೋಡದಿರಲು ಬೇರೆಲ್ಲವನ್ನೂ ನೋಡಿದೆ. ಮಜ್ಜಿಗೆ ಬಂತು.

"ಬಾವ, ಹೆಣ್ಣು ನೋಡೋಕೆ ಹೋದಾಗಲೂ ಇಷ್ಟು ಹೊತ್ತು ಕೂರಿಸಿರಲಿಲ್ಲ," ಎಂದ ಮಾಮ.

"ತಡಿ. ಬರ್ತದ."

"ಬರದಿದ್ರೆ? ನಾನೇ ಹಚ್ಚಿದ ಹಾಗಾ?"

ಅಪ್ಪ ಮಡಕೆಯ ಬಾಯನ್ನು ಮತ್ತೊಮ್ಮೆ ಬಗ್ಗಿ ನೋಡಿದ. ಅವನ ಹಣೆಯ ಬೆವರು ಬಿಸಿಲಿನದಲ್ಲ. ಬರದಿದ್ದರೆ ಎಂಬ ಯೋಚನೆ ನನಗೂ ಇತ್ತು. ಮಡಕೆ ಹೊಗೆಯಾಡಲಿ ಎಂದು ನಾನು ದೇವರಲ್ಲಿ ಬೇಡಿಕೊಂಡೆ, ಹೊಗೆಗೆ ಅಷ್ಟು ಹೆದರುತ್ತಿದ್ದವಳು. ಊಟದ ಹೊತ್ತು ದಾಟಿದ ಮೇಲೆ ಮಡಕೆಯ ಬಾಯಲ್ಲಿ ಗಾಳಿ ನಡುಗಿದ ಹಾಗಾಯಿತು. ಆಮೇಲೆ ನೂಲಿನಷ್ಟು ಹೊಗೆ. ಆಮೇಲೆ ದಪ್ಪ, ಹಳದಿ ಹೊಗೆ. ಅಪ್ಪ ಕೋಲಿನಿಂದ ಚೀಲ ಬಿಡಿಸಿದ. ಒಳಗೆ ಕೆಂಡ ಕಣ್ಣು ತೆರೆಯಿತು, ಗಾಳಿ ತಾಕಿ ಭಗ್ಗೆಂದಿತು. ಅಮ್ಮ ಕಿರುಚಿದಳು. ಮಾಮ ಎದ್ದು ನಿಂತ, ಆದರೆ ಬೆಂಕಿಯ ಕಡೆ ನೋಡಲಿಲ್ಲ. ನನ್ನನ್ನು ನೋಡಿದ. ನಾನು ಕಣ್ಣು ಮುಚ್ಚಿಲ್ಲವೆಂಬುದನ್ನು ನೋಡಿ, ಈ ಸಲ ಮುಚ್ಚು ಎನ್ನಲಿಲ್ಲ.

ನೀರು ಹೊಯ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಮಾಮ ನಿಧಾನವಾಗಿ ಕೇಳಿದ:

"ಅಕ್ಕ, ಆವತ್ತು ಆ ಚೀಲ ಕೊಲುವಿನ ಹಿಂದೆ ಇಟ್ಟಿದ್ದು ಯಾರು?"

ಅಮ್ಮನಿಗೆ ಗೊತ್ತಿತ್ತು. ಅವಳ ಮುಖ ನೋಡಿದರೆ, ಬೀಗ ಒಡೆದ ದಿನದಿಂದಲೂ ಗೊತ್ತಿತ್ತು. "ಅಮ್ಮ," ಎಂದಳು. "ತಾನೇ ಮುದ್ದೆ ಮಾಡಿ ತುರುಕಿದಳು. ಮೊಮ್ಮಗಳು ಅಲ್ಲೇ ಮಲಗ್ತಾಳೆ ಅಂತ ಅವಳಿಗೇನು ಗೊತ್ತು."

"ಹಾಗಾದ್ರೆ ಅಮ್ಮನಿಗೆ ಇದನ್ನ ಹೇಳಬೇಡಿ."

"ಹೇಳದ ನಿನ್ನ ಹೆಸರು ಹ್ಯಾಂಗ ತೊಳೀಲಿ?" ಎಂದ ಅಪ್ಪ.

"ಸೀರಿಯಲ್ ಸೆಟ್ಟು ಅನ್ನಿ. ನೀವು ಹೇಳಿದ್ರೆ ನಂಬ್ತಾರೆ ಬಾವ. ನಿಮ್ಮ ಹತ್ತಿರ ಎಲ್ಲಕ್ಕೂ ಆಧಾರ ಇರುತ್ತಲ್ಲ."

ಅಪ್ಪ ಮೊಬೈಲು ಹಿಡಿದು ಟ್ಯಾಂಕಿನ ಆಚೆ ಬದಿಗೆ ಹೋದ. ನಮಗೆ ಎಲ್ಲವೂ ಕೇಳುತ್ತಿತ್ತು, ಅಮ್ಮಮ್ಮ ಫೋನಿನಲ್ಲಿ ನದಿಯ ಆಚೆ ದಡಕ್ಕೆ ಕೂಗುವಂತೆ ಮಾತಾಡುವವಳು. ವೈರಿನ ತುಂಡನ್ನು ಬಲ್ಲವರಿಗೆ ತೋರಿಸಿದೆ, ಅದರೊಳಗೇ ಹೊತ್ತಿಕೊಂಡಿದ್ದು, ಶೇಷುವಿನ ತಪ್ಪು ಏನೂ ಇಲ್ಲ, ಗುಂಟೂರಿನವರಿಗೂ ನಾನೇ ಬಂದು ಹೇಳುತ್ತೇನೆ ಎಂದ ಅಪ್ಪ. ಆ ಕಡೆಯಿಂದ ಅಮ್ಮಮ್ಮ ಕೇಳಿದಳು:

"ಆಗ ಕರೆಂಟೇ ಇರಲಿಲ್ಲವಲ್ಲಪ್ಪ, ಅಳಿಯಂದ್ರೇ?"

ಅಪ್ಪ ಹಾಯಿಯ ಬಟ್ಟೆಯ ಬಣ್ಣಕ್ಕೆ ವರ್ಷ ಕಾದವನು, ತಳಕ್ಕೆ ತಾಮ್ರ ಹೊಡೆಯದೆ ಬಿಟ್ಟವನು.

"ಬಂದಿತ್ರಿ ಅತ್ತಿ. ಒಂದ ನಿಮಿಷ ಬಂದು ಹೋತು, ಬರೋಬ್ಬರಿ ಮೂರೂ ಇಪ್ಪತ್ತಕ್ಕ. ನಾ ಗಡಿಯಾರ ನೋಡೀನಲ್ರಿ."

ಅಮ್ಮಮ್ಮ ಅತ್ತಳು. ಆ ಅಳು ನಮಗೆಲ್ಲರಿಗೂ ಕೇಳಿಸಿತು, ಮಾಮನಿಗೂ. ಅವಳು ತೀರಿಕೊಳ್ಳುವವರೆಗೂ ಆ ಒಂದು ನಿಮಿಷದ ಕರೆಂಟು ನಮ್ಮ ಮನೆತನದ ಇತಿಹಾಸದಲ್ಲಿ ಉಳಿಯಿತು. ಈಗ ಅವಳಿಲ್ಲದ ಕಾರಣ ಬರೆಯುತ್ತಿದ್ದೇನೆ.

ಅಪ್ಪ ಕೆಳಗಿಳಿದು ಹೊಸ ಹಡಗನ್ನು ಎತ್ತಿ ತಂದು ಮಾಮನ ಮುಂದೆ ಇಟ್ಟ. "ಕಣ್ಣು ಬರಿ ಬೇಕಾದ್ರ," ಎಂದ, ಹಡಗನ್ನೇ ನೋಡುತ್ತ. ಮಾಮ ಅದರ ಮೂತಿಯ ಮೇಲೆ ಬೆರಳಾಡಿಸಿದ.

"ಆಧಾರ ಇಲ್ವಲ್ಲ ಬಾವ. ಸಿಗಲಿ, ಆಮೇಲೆ ಬರೀತೀನಿ."

ಅವನು ನಕ್ಕ, ಪೂರ್ತಿ ನಕ್ಕ. ಆದರೂ ಆ ಹಡಗು ಕಣ್ಣಿಲ್ಲದೆಯೇ ಇವತ್ತು ನನ್ನ ಕಪಾಟಿನ ಮೇಲಿದೆ.

ಆ ರಾತ್ರಿ ಮಾಮ ನಮ್ಮಲ್ಲೇ ಉಳಿದ. ಹಡಗಿನ ಕೋಣೆಯನ್ನು ನೆಂಟನಿಗೆ ಬಿಟ್ಟುಕೊಟ್ಟದ್ದು ಅದೇ ಮೊದಲ ಸಲ. ಊಟವಾದ ಮೇಲೆ ನಾನು ಎಂದಿನಂತೆ ಮೂಸುತ್ತ ಸುತ್ತುವುದನ್ನು ಅವನು ನೋಡಿದ. ಈಗ ನನ್ನ ಕಾಟ ಹೆಚ್ಚಾಗಿತ್ತು. ಮನುಷ್ಯರ ಮೇಲಿದ್ದ ಸಂಶಯವೆಲ್ಲ ಬಟ್ಟೆಗಳ ಮೇಲೆ ಬಂದಿತ್ತು, ಬಟ್ಟೆಯಿಲ್ಲದ ಮನೆ ಯಾವುದಿದೆ? ಮಾಮ ನನ್ನ ಕೈ ಹಿಡಿದುಕೊಂಡ. ಅಡುಗೆಮನೆಯ ಮಸಿಬಟ್ಟೆಯ ಮೇಲೆ ನನ್ನ ಅಂಗೈ ಇಟ್ಟು ಕೇಳಿದ:

"ಹೇಗಿದೆ?"

"ತಣ್ಣಗಿದೆ."

ಟವೆಲ್ಲು. ತಣ್ಣಗಿದೆ. ಕಾಲೊರಸು. ತಣ್ಣಗಿದೆ. ಅಪ್ಪನ ಪಂಚೆ, ಅಮ್ಮನ ಸೆರಗು, ಮೂಲೆಯಲ್ಲಿದ್ದ ನೆಲ ಒರೆಸುವ ಬಟ್ಟೆ. ಒಂದನ್ನೂ ಬಿಡದೆ ಇಡೀ ಮನೆ ಮುಟ್ಟಿಸಿದ. ಕೊನೆಗೆ ತನ್ನ ಮುಂಗೈಯನ್ನೇ ಚಾಚಿದ. ಕಲೆ ನುಣ್ಣಗಿತ್ತು, ಹಲ್ಲಿಯ ಹೊಟ್ಟೆಯಂತೆ. ಮುಟ್ಟಿದೆ. ಅದೂ ತಣ್ಣಗಿತ್ತು.

ಎಚ್ಚರವಾದಾಗ ಬಿಸಿಲು ನನ್ನ ಮೊಣಕಾಲಿಗೆ ಬಂದಿತ್ತು. ತಿಂಗಳುಗಳಿಂದ ನಾನು ಅಷ್ಟು ಹೊತ್ತು ಮಲಗಿದ್ದನ್ನು ಕಂಡಿರದ ಅಮ್ಮ ಗಾಬರಿಯಲ್ಲಿ ನನ್ನ ಮೇಲೆ ಬಾಗಿ, ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

"ಯಾಕೋ ಏಳ್ತಾನೇ ಇಲ್ಲ ಇವಳು," ಎಂದಳು ಬಾಗಿಲಲ್ಲಿದ್ದ ಮಾಮನಿಗೆ. "ಮೈ ಮಾತ್ರ ತಣ್ಣಗಿದೆ."